ಮೂರು ಕಪ್ಪು

ಗ್ರಿಮ್ಸ್‌ಬಿಯ ಫ್ರೀಮನ್ ಬೀದಿಯ ಅಂಗಡಿಯಲ್ಲಿ
ಪ್ರಿಂಟರ್‌ಗಳು ಬಾಯಿ ತೆರೆದು ಸಾಲಾಗಿ ಕೂತಿದ್ದವು,
ತುತ್ತಿಗೆ ಕಾದ ಮಕ್ಕಳ ಹಾಗೆ.
ಮೂವತ್ತೊಂಬತ್ತು ಪೌಂಡಿನದರ ಮೇಲೆ ಕೈಯಿಟ್ಟೆ.
ಕ್ಯಾಲಮ್ ಎಂಬ ಹುಡುಗ, ಕಿವಿಯಲ್ಲಿ ಮೂರು ಒಂಟಿ,
ಮೆಲ್ಲಗೆ ಹೇಳಿದ: ಇದರ ಇಂಕು ನಲವತ್ತೆರಡು.
ಮೂಗಿಗಿಂತ ಮೂಗುತಿ ಭಾರ, ಅಂದೆ ನನ್ನಷ್ಟಕ್ಕೆ.
ಅವನು ತಲೆಯಾಡಿಸಿದ, ತಿಳಿದವನ ಹಾಗೆ.

"ಏನು ಅಚ್ಚು ಹಾಕುತ್ತೀರಿ?"
ಏನೆಂದು ಹೇಳಲಿ?
ಬೂದು, ಅಂದೆ. ಬರೀ ಬೂದು.

ಹನ್ನೊಂದು ವರ್ಷದಿಂದ ಬೆಳಿಗ್ಗೆ ಆರೂಕಾಲರ ಬಸ್ಸಿಗೆ ನಿಂತು
ಹಂಬರ್ ನದಿಯ ಬಾಯನ್ನು ಫೋನಿನಲ್ಲಿ ಹಿಡಿದಿದ್ದೇನೆ.
ಹಲ್ಲಿನ ದವಾಖಾನೆಯಲ್ಲಿ ಚೀಟಿ ಬರೆಯುವವಳಿಗೆ
ಅಷ್ಟೊಂದು ನೀರು ಯಾಕೆ ಬೇಕು ಎಂದು
ವಿರೂಪಾಕ್ಷ ಕೇಳುವುದನ್ನೂ ಬಿಟ್ಟಿದ್ದಾನೆ.
ಒಂದು ದಿನ ಅಕ್ಕಚ್ಚು, ಒಂದು ದಿನ ಒಲೆಯ ಬೂದಿ,
ಒಂದು ದಿನ ಪಾರಿವಾಳದ ಕತ್ತು,
ನವೆಂಬರಿನಲ್ಲಿ, ಮೀನಿಗೆ ಹೊಗೆಯಿಡುವ ಮನೆಗಳಾಚೆ,
ಹರಳೆಣ್ಣೆ ದೀಪದ ಮಸಿ.

ಅಗ್ಗದ್ದು ಬೂದನ್ನು ಬಣ್ಣ ಕಲಸಿ ಮಾಡುತ್ತದಂತೆ,
ಸಮುದ್ರಕ್ಕೆ ಪಾಚಿ ಕಟ್ಟುತ್ತದಂತೆ.
ಮೂಲೆಯಲ್ಲಿ, ಧೂಳು ಹಿಡಿದು, ಒಂದಿತ್ತು
ಮೂರು ಕಪ್ಪಿನದು:
ಕಪ್ಪು, ತೆಳುಗಪ್ಪು, ಕಪ್ಪಿನ ನೆನಪು.
ಬೆಲೆ ಕೇಳಿ ಬಸ್ಸು ಹತ್ತಿದೆ.

ತಂತ್ರಾಂಶದ್ದು ಇನ್ನೊಂದು ಗೋಳು.
ತಿಂಗಳ ಬಾಡಿಗೆಯದು ಒಂದು; ಕಂತು ತಪ್ಪಿದರೆ
ನನ್ನ ಸಮುದ್ರಕ್ಕೇ ಬೀಗ.
ಪುಕ್ಕಟೆಯದು ಒಂದು; ಅದರ ಗುಂಡಿಗಳನ್ನೆಲ್ಲ
ಯಾರೋ ಅಡಗಿಸಿಟ್ಟು ಜಾಗ ಮರೆತ ಹಾಗಿತ್ತು.
ಬಾಡಿಗೆಯದನ್ನೇ ಏಳು ದಿನ ಬಿಟ್ಟಿಯಾಗಿ ತೆರೆದೆ.

ಐದನೆಯ ದಿನ ಪಕ್ಕದ ಮನೆಯ ಡೋರೀನ್ ಬಂದಳು,
ಬಿಸ್ಕತ್ತಿನ ಡಬ್ಬಿಯಲ್ಲಿ ಅಪ್ಪನನ್ನು ಹಿಡಿದುಕೊಂಡು.
ಮೀನುಹಡಗಿನ ಮೇಲೆ ಎಂಟು ಜನ,
ಎಡದಿಂದ ಮೂರನೆಯವನು. ಉಗುರಿನ ತುದಿಯಷ್ಟು ಮುಖ,
ಅದರಲ್ಲೂ ಅರ್ಧ ಹಿಮ.
"ಸ್ವಲ್ಪ ಸರಿ ಮಾಡಿಕೊಡು, ಬಾತುಕೋಳಿ" ಎಂದಳು.
ಈ ಕಡೆ ಮುದ್ದಿಗೆ ಹಾಗೆ ಕರೆಯುತ್ತಾರೆ.

ಒಂದೇ ಗುಂಡಿ ಒತ್ತಿದೆ.
ಚಕ್ರ ತಿರುಗಿತು. ಮುಖ ಬಂತು:
ರೆಪ್ಪೆ, ಹುಬ್ಬು, ಕೆನ್ನೆಯ ಗುಳಿ, ಹಲ್ಲು ಸಹ,
ನಮ್ಮ ದವಾಖಾನೆಯ ಗೋಡೆಯ ಜಾಹೀರಾತಿನ ಹಲ್ಲು.
ಡೋರೀನ್ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿ,
"ಚೆಂದದ ಹುಡುಗ. ಯಾರಿವನು?" ಎಂದಳು.

ಹಿಂದಕ್ಕೆ, ಹಿಂದಕ್ಕೆ, ಹಿಂದಕ್ಕೆ ಒತ್ತಿದೆ,
ಹಿಮ ಮತ್ತೆ ಬೀಳುವವರೆಗೆ.

ಆಮೇಲೆ ಆ ಗುಂಡಿಯೇ ಇಲ್ಲದ ಪುಕ್ಕಟೆಯದನ್ನು ಕಲಿತೆ,
ಮೂರು ವಾರ, ಬೈದುಕೊಂಡು.
ಮೂರು ಕಪ್ಪಿನದೂ ಮನೆಗೆ ಬಂತು;
ವಿರೂಪಾಕ್ಷ ರಸೀದಿ ನೋಡಿ
ಸಾರಿಗೆ ಎರಡು ಸಲ ಉಪ್ಪು ಹಾಕಿದ.

ಹೊಸದೇನೂ ಹುಟ್ಟಿಸಲಿಲ್ಲ. ಮಡಿಕೆಯ ಗೀರನ್ನು ಹಾಗೇ ಬಿಟ್ಟೆ.
ಕತ್ತಲನ್ನು ಮಾತ್ರ ಕೂದಲೆಳೆಯಷ್ಟು, ಇನ್ನೊಂದು ಕೂದಲೆಳೆಯಷ್ಟು
ಸಡಿಲಿಸಿದೆ,
ಎಂಟು ಜನರ ನಡುವೆ ಗಾಳಿ ಆಡುವಷ್ಟು.
ಕಾಗದ ಹೊರಬರಲು ಹನ್ನೊಂದು ನಿಮಿಷ;
ಒಳಗೆ ಯಾರೋ ನಿಧಾನಕ್ಕೆ ಹಲ್ಲುಜ್ಜುವ ಸದ್ದು.
ರಾತ್ರಿಯಿಡೀ ಊಟದ ಮೇಜಿನ ಮೇಲೆ ಒಣಗಿತು. ನಾವು ನಿಂತು ಉಂಡೆವು.

ಡೋರೀನ್ ಬೆರಳು ತಾಗಿಸದೆ ಬಹಳ ಹೊತ್ತು ನೋಡಿದಳು.
ಮುಖ ಈಗಲೂ ಹಿಮವೇ.
"ಎಡಗಾಲು" ಎಂದಳು. "ಎಡಗಾಲಿನ ಮೇಲೆ ಭಾರ ಹಾಕಿದ್ದಾನೆ, ನೋಡು.
ಗ್ಯಾಸಿನ ಒಲೆಯ ಮುಂದೂ ಹಾಗೇ ನಿಲ್ಲುತ್ತಿದ್ದ."

ಎದ್ದು ತೋರಿಸಿದಳು, ನನ್ನ ಅಡುಗೆಮನೆಯಲ್ಲಿ,
ಎಂಬತ್ತರ ಸೊಂಟವನ್ನು ಎಡಕ್ಕೆ ವಾಲಿಸಿ,
ಬರುವ ಅಲೆಯೊಂದಕ್ಕೆ ಸಜ್ಜಾದ ಹಾಗೆ.

ನನ್ನ ಸಮುದ್ರಗಳು ಇನ್ನೂ ಫೋನಿನಲ್ಲೇ ಇವೆ.
ತೆಳುಗಪ್ಪು ಮುಗಿಯುತ್ತ ಬಂತೆಂದು
ಹಳದಿ ದೀಪ ಮಿಣುಕುತ್ತಿದೆ.